ಠಾಣೆಯಿಂದ ದಾಖಲೆ ಪಡೆಯೋದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಪೊಲೀಸ್ ದಾಖಲೆಗಳ ಬಗ್ಗೆಯೇ ಜಾಸ್ತಿ ಪ್ರಶ್ನೆಗಳು. ಒಬ್ಬರಿಗೆ ಎಫ್‌ಐಆರ್ ಪ್ರತಿ ಬೇಕು, ಇನ್ನೊಬ್ಬರಿಗೆ ಠಾಣೆಯ ಸಿಸಿಟಿವಿ ದೃಶ್ಯ ಬೇಕು, ಮತ್ತೊಬ್ಬರಿಗೆ ತಾವು ಕೊಟ್ಟ ದೂರು ಎಲ್ಲಿಗೆ ಬಂತು ಅಂತ ತಿಳಿದರೆ ಸಾಕು. ಹೆಚ್ಚಿನವರು ಮೊದಲು ಠಾಣೆಗೆ ಹೋಗಿ ಬಾಯಿಮಾತಲ್ಲಿ ಕೇಳಿದ್ದಾರೆ. ಸಿಗದಿದ್ದಾಗ ಆರ್‌ಟಿಐ, ಅಂದರೆ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ, ಹಾಕೋಣ ಅಂದುಕೊಂಡಿದ್ದಾರೆ. ಉತ್ತರಕ್ಕೆ ಮೊದಲು ಒಂದು ಮಾತು. ನಿಮಗೆ ಬೇಕಾದ ಕಾಗದ ಯಾವುದು, ಆ ಪ್ರಕರಣದಲ್ಲಿ ನೀವು ಯಾರು, ದೂರುದಾರರಾ, ಆರೋಪಿಯಾ, ಹೊರಗಿನವರಾ, ಇವೆರಡನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಆಗ ಯಾರನ್ನು ಕೇಳಬೇಕು ಅನ್ನೋದು ಅರ್ಧ ತಿಳಿದ ಹಾಗೆ. ಎಷ್ಟೋ ಕಾಗದಗಳಿಗೆ ಆರ್‌ಟಿಐ ಬೇಕಾಗುವುದೇ ಇಲ್ಲ, ನೇರವಾಗಿ ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಮನೆ ಮುಂದೆ ನಿಲ್ಲಿಸಿದ್ದ ಬೈಕ್ ಕಳವಾಯಿತು. ಠಾಣೆಯಲ್ಲಿ ದೂರು ತಗೊಂಡು ಸೀಲು ಹಾಕಿದ ಒಂದು ಚೀಟಿ ಕೊಟ್ಟರು. ಇನ್ಶೂರೆನ್ಸ್‌ನವರು ಇದು ಎಫ್‌ಐಆರ್ ಅಲ್ಲ ಅಂತಾರೆ. ಠಾಣೆಯಲ್ಲಿ ಕೇಳಿದರೆ ರೈಟರ್ ಇಲ್ಲ, ನಾಳೆ ಬನ್ನಿ ಅಂತಾರೆ. ಪ್ರತಿಗೆ ದುಡ್ಡು ಕಟ್ಟಬೇಕಾ?

ಉತ್ತರ: ಒಂದು ಪೈಸೆಯೂ ಕಟ್ಟಬೇಕಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಬಂದ ಕಾನೂನು, ಅದರ 173ನೇ ಕಲಮಿನ ಎರಡನೇ ಉಪಕಲಮು ಸ್ಪಷ್ಟವಾಗಿದೆ. ದೂರು ಕೊಟ್ಟವರಿಗೆ ಅಥವಾ ನೊಂದವರಿಗೆ ದಾಖಲಾದ ಮಾಹಿತಿಯ ಪ್ರತಿಯನ್ನು ಕೂಡಲೇ, ಉಚಿತವಾಗಿ ಕೊಡಬೇಕು. ರೈಟರ್ ಇಲ್ಲ ಅನ್ನೋದು ಕಾರಣವಲ್ಲ.

ಆದರೆ ಮೊದಲು ನಿಮ್ಮ ಕೈಯಲ್ಲಿರುವ ಚೀಟಿ ಏನು ಅಂತ ನೋಡಿ. ಠಾಣೆಯಿಂದ ಸಾಮಾನ್ಯವಾಗಿ ಮೂರು ಥರದ ಕಾಗದ ಬರುತ್ತದೆ. ಬರೀ ಅರ್ಜಿ ತಗೊಂಡಿದ್ದೇವೆ ಅನ್ನುವ ಸ್ವೀಕೃತಿ ಒಂದು. ಎನ್‌ಸಿಆರ್ ಅನ್ನೋದು ಇನ್ನೊಂದು, ಅದು ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡಲಾಗದ ಸಣ್ಣ ಅಪರಾಧಗಳಿಗೆ. ಮೂರನೆಯದು ಎಫ್‌ಐಆರ್. ಅದರ ಮೇಲೆ ಕ್ರೈಂ ನಂಬರ್, ವರ್ಷ, ಹಾಕಿದ ಕಲಮುಗಳು ಇರುತ್ತವೆ. ವಾಹನ ಕಳವಿಗೆ ಎಫ್‌ಐಆರೇ ಆಗಬೇಕು. ನಿಮ್ಮ ಚೀಟಿಯಲ್ಲಿ ಕ್ರೈಂ ನಂಬರ್ ಕಾಣದಿದ್ದರೆ ಬಹುಶಃ ಎಫ್‌ಐಆರ್ ಇನ್ನೂ ಆಗಿಲ್ಲ, ಪ್ರತಿ ಕೇಳಿ ಪ್ರಯೋಜನ ಇಲ್ಲ, ಎಫ್‌ಐಆರ್ ಮಾಡಿ ಅಂತಲೇ ಕೇಳಬೇಕು.

ಠಾಣೆಯಲ್ಲಿ ಒಪ್ಪದಿದ್ದರೆ ಅದೇ ದೂರನ್ನು ಎಸ್‌ಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿಯಂಥ ಕಮಿಷನರೇಟ್ ಊರುಗಳಲ್ಲಿ ನಿಮ್ಮ ವಿಭಾಗದ ಡಿಸಿಪಿಗೆ ಕಳಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕುವ ದಾರಿ ಅದೇ 173ನೇ ಕಲಮಿನಲ್ಲಿದೆ. ಪೋಸ್ಟ್ ರಸೀದಿ ಜೋಪಾನ. ಕೋರ್ಟಿಗೆ ಹೋದಾಗ ಮೊದಲು ಕೇಳುವುದೇ ಅದನ್ನು.

ಎಫ್‌ಐಆರ್ ಆಗಿದ್ದರೆ ಠಾಣೆಗೆ ಅಲೆಯುವ ಬದಲು ಕರ್ನಾಟಕ ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲಿ ಜಿಲ್ಲೆ, ಠಾಣೆ, ನಂಬರ್ ಕೊಟ್ಟು ಹುಡುಕಿ. ಇನ್ನೊಂದು ವಿಷಯ: ಬೈಕ್ ಸಿಗಲೇ ಇಲ್ಲ ಅಂತಾದರೆ ಇನ್ಶೂರೆನ್ಸ್‌ನವರು ಮುಂದೆ ಪತ್ತೆಯಾಗದ ಪ್ರಕರಣ ಅನ್ನುವ ವರದಿ ಕೇಳುತ್ತಾರೆ. ನಮ್ಮ ಕಡೆ ಠಾಣೆಗಳಲ್ಲಿ ಅದಕ್ಕೆ ಸಿ ರಿಪೋರ್ಟ್ ಅಂತಾರೆ. ಅದರ ಬಗ್ಗೆಯೂ ಈಗಲೇ ತನಿಖಾಧಿಕಾರಿಗೆ ಬರವಣಿಗೆಯಲ್ಲಿ ಕೇಳಿಟ್ಟಿರಿ.

ಪ್ರಶ್ನೆ: ಪಕ್ಕದ ಮನೆಯವರು ನನ್ನ ತಮ್ಮನ ಮೇಲೆ ಕೇಸು ಕೊಟ್ಟಿದ್ದಾರಂತೆ. ಠಾಣೆಯಿಂದ ಫೋನ್ ಬಂತು. ಏನು ಕೇಸು ಅಂದರೆ ಹೇಳುತ್ತಿಲ್ಲ, ಆರೋಪಿಗೆ ಪ್ರತಿ ಕೊಡಲ್ಲ ಅಂತಾರೆ. ಇದು ಸರಿಯಾ?

ಉತ್ತರ: ಸರಿಯಲ್ಲ. 2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಎಫ್‌ಐಆರ್‌ನಲ್ಲಿ ತನ್ನ ಹೆಸರು ಇರಬಹುದು ಅಂತ ಅನುಮಾನ ಇರುವ ಯಾರೇ ಆದರೂ ತಾನಾಗಿ, ಇಲ್ಲವೇ ವಕೀಲರ ಮೂಲಕ, ಠಾಣೆಗೆ ಅಥವಾ ಎಸ್‌ಪಿಗೆ ಅರ್ಜಿ ಕೊಟ್ಟು ಕೋರ್ಟಿನಲ್ಲಿ ಕಟ್ಟುವಷ್ಟೇ ಶುಲ್ಕ ಕಟ್ಟಿದರೆ 24 ಗಂಟೆಯೊಳಗೆ ಪ್ರತಿ ಕೊಡಬೇಕು. ಎಫ್‌ಐಆರ್ ಮ್ಯಾಜಿಸ್ಟ್ರೇಟರಿಗೆ ಹೋಗಿದ್ದರೆ ಅಲ್ಲಿ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಕೋರ್ಟು ಎರಡು ಕೆಲಸದ ದಿನದೊಳಗೆ ಕೊಡಬೇಕು. ಅದೇ ತೀರ್ಪಿನಲ್ಲಿ ಎಫ್‌ಐಆರ್‌ಗಳನ್ನು 24 ಗಂಟೆಯಲ್ಲಿ ವೆಬ್‌ಸೈಟಿಗೆ ಹಾಕಬೇಕು, ದೂರದ ಊರುಗಳಲ್ಲಿ ಇಂಟರ್ನೆಟ್ ತೊಂದರೆ ಇದ್ದರೆ 72 ಗಂಟೆವರೆಗೆ ತಗೋಬಹುದು ಅಂತಲೂ ಇದೆ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳನ್ನು ಮಾತ್ರ ಹಾಕುವುದಿಲ್ಲ. ವೆಬ್‌ಸೈಟಿಗೆ ಹಾಕಿಲ್ಲ ಅಂದ ಮಾತ್ರಕ್ಕೆ ಕೇಸಿಲ್ಲ ಅಂತ ತಿಳಿಯಬೇಡಿ.

ಎಫ್‌ಐಆರ್ ಆಗದೆ ಬರೀ ಅರ್ಜಿಯ ಮೇಲೆ ವಿಚಾರಣೆಗೆ ಕರೆದಿರಲೂಬಹುದು. ಹಾಗಿದ್ದರೆ ಯಾವ ಅರ್ಜಿ, ಯಾವ ತಾರೀಕು ಅಂತ ನಮೂದಿಸಿ ಲಿಖಿತ ನೋಟಿಸ್ ಕೊಡಿ, ಬರುತ್ತೇವೆ ಅಂತ ಸಭ್ಯವಾಗಿ ಹೇಳಿ. ನಿಮ್ಮ ತಮ್ಮ ಗಾಬರಿಯಲ್ಲಿ ಊರು ಬಿಟ್ಟು ಹೋಗದಿರಲಿ. ವಕೀಲರನ್ನು ಇವತ್ತೇ ನೋಡಿ, ಎಫ್‌ಐಆರ್ ಪ್ರತಿ ಬರುವವರೆಗೆ ಕಾಯಬೇಡಿ.

ಮುಂದೆ ಚಾರ್ಜ್‌ಶೀಟ್ ಆದರೆ ಅದರ ಜೊತೆಗಿನ ಸಾಕ್ಷಿ ಹೇಳಿಕೆ, ಮಹಜರು ಎಲ್ಲ ಸೇರಿ ಆರೋಪಿಗೆ ಉಚಿತವಾಗಿ ಕೊಡಬೇಕು, ಆರೋಪಿ ಕೋರ್ಟಿಗೆ ಹಾಜರಾದ 14 ದಿನದೊಳಗೆ. ಅದು ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಮು. ಕೇಸ್ ಡೈರಿ ಮಾತ್ರ ಕೇಳಬೇಡಿ. ತನಿಖಾಧಿಕಾರಿ ದಿನಾ ಬರೆಯುವ ಆ ಡೈರಿಯನ್ನು ಕೋರ್ಟು ತರಿಸಿ ನೋಡಬಹುದು, ಆರೋಪಿಗೆ ಕೇಳಿ ಪಡೆಯುವ ಹಕ್ಕಿಲ್ಲ.

ಪ್ರಶ್ನೆ: ನಮ್ಮ ತಂದೆಗೆ ಜಮೀನಿನ ವಿಚಾರದಲ್ಲಿ ಕೆಲವರು ಹೊಡೆದರು. ವರ್ಷದ ಹಿಂದೆ ಎಫ್‌ಐಆರ್ ಆಗಿದೆ. ಆಮೇಲೆ ಏನೂ ಗೊತ್ತಿಲ್ಲ. ಆರ್‌ಟಿಐ ಹಾಕಿ 'ಈ ಪ್ರಕರಣದ ಎಲ್ಲಾ ದಾಖಲೆ ಕೊಡಿ, ಯಾಕೆ ಯಾರನ್ನೂ ಬಂಧಿಸಿಲ್ಲ ತಿಳಿಸಿ' ಅಂತ ಕೇಳಿದೆ. ತನಿಖೆ ನಡೆಯುತ್ತಿದೆ, 8(1)(ಎಚ್) ಪ್ರಕಾರ ಕೊಡಲಾಗದು ಅಂತ ಒಂದೇ ಸಾಲಿನ ಹಿಂಬರಹ ಬಂತು. ಇನ್ನೇನು ಮಾಡಲಿ?

ಉತ್ತರ: ಈ ಒಂದೇ ಸಾಲಿನ ಹಿಂಬರಹ ಕೈಗೆ ಬಂದಾಗ ಬಹಳ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಇದಕ್ಕೆ ಎರಡು ಕಡೆಯಿಂದ ದಾರಿ ಇದೆ, ಸ್ವಲ್ಪ ಉದ್ದವಾದರೂ ಪೂರ್ತಿ ಹೇಳುತ್ತೇನೆ.

ಮೊದಲನೆಯದು ಆರ್‌ಟಿಐ ಇಲ್ಲದ ದಾರಿ. ತನಿಖೆ ಎಲ್ಲಿಗೆ ಬಂತು ಅನ್ನೋದನ್ನು 90 ದಿನದೊಳಗೆ ದೂರುದಾರರಿಗೆ ಅಥವಾ ನೊಂದವರಿಗೆ ತಿಳಿಸಬೇಕು, ಮೆಸೇಜ್‌ನಲ್ಲಾದರೂ ಸರಿ. ಹೊಸ ಸಂಹಿತೆಯ 193ನೇ ಕಲಮು ಇದನ್ನು ತನಿಖಾಧಿಕಾರಿಯ ಮೇಲೆ ಕಡ್ಡಾಯವಾಗಿ ಹೊರಿಸಿದೆ. ತಂದೆಯವರ ಸಹಿಯಲ್ಲೇ ಒಂದು ಪತ್ರ ಬರೆಯಿರಿ: ಕ್ರೈಂ ನಂಬರ್ ಇಷ್ಟು, ತಾರೀಕು ಇಷ್ಟು, ನಾನು ಈ ಪ್ರಕರಣದ ದೂರುದಾರ, 193(3)ರ ಪ್ರಕಾರ ತನಿಖೆಯ ಪ್ರಗತಿ ತಿಳಿಸಿ. ಠಾಣೆಗೆ ಒಂದು, ಡಿವೈಎಸ್‌ಪಿ ಅಥವಾ ಎಸಿಪಿಗೆ ಒಂದು ಪ್ರತಿ. ಎರಡಕ್ಕೂ ಸ್ವೀಕೃತಿ ತಗೊಳ್ಳಿ.

ಜೊತೆಗೆ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಎಫ್‌ಐಆರ್ ನಂಬರ್ ಹಾಕಿ ನೋಡಿ. ಚಾರ್ಜ್‌ಶೀಟ್ ಆಗಲೇ ಕೋರ್ಟಿಗೆ ಹೋಗಿ ಕೇಸ್ ನಂಬರ್ ಬಿದ್ದಿದ್ದರೂ ದೂರುದಾರರಿಗೆ ಯಾರೂ ಹೇಳದೇ ಇರುವುದುಂಟು. ಹಾಗಾಗಿದ್ದರೆ ಕಾಗದಕ್ಕೆ ಠಾಣೆಗೆ ಹೋಗುವ ಅಗತ್ಯವೇ ಇಲ್ಲ, ಕೋರ್ಟಿನ ನಕಲು ಶಾಖೆಯಲ್ಲಿ ಅರ್ಜಿ ಹಾಕಿ. ಬಿ ರಿಪೋರ್ಟ್, ಅಂದರೆ ಆರೋಪಕ್ಕೆ ಆಧಾರ ಸಿಕ್ಕಿಲ್ಲ ಅನ್ನುವ ವರದಿ, ಹಾಕಿ ಪ್ರಕರಣ ಮುಗಿಸಿಬಿಟ್ಟಿದ್ದಾರಾ ಅನ್ನೋದನ್ನೂ ಕೇಳಿ. ಬಿ ರಿಪೋರ್ಟ್ ಒಪ್ಪಿಕೊಳ್ಳುವ ಮೊದಲು ದೂರುದಾರರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕು ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ತಕರಾರು ಅರ್ಜಿ ಹಾಕುವ ಅವಕಾಶ ನಿಮಗಿದೆ. ಇದು ಕೈತಪ್ಪಿದರೆ ಆಮೇಲೆ ಬಹಳ ಕಷ್ಟ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎರಡನೆಯದು ಆರ್‌ಟಿಐ. ಕಾಯ್ದೆಯ 8(1)(ಎಚ್) ಏನು ಹೇಳುತ್ತದೆ ನೋಡಿ. ತನಿಖೆಗೆ, ಅಪರಾಧಿಗಳನ್ನು ಹಿಡಿಯುವುದಕ್ಕೆ ಅಥವಾ ಅವರ ಮೇಲೆ ಮೊಕದ್ದಮೆ ನಡೆಸುವುದಕ್ಕೆ ಅಡ್ಡಿಯಾಗುವ ಮಾಹಿತಿ ಕೊಡಬೇಕಿಲ್ಲ ಅನ್ನುತ್ತದೆ. ತನಿಖೆ ನಡೆಯುತ್ತಿದ್ದರೆ ಏನೂ ಕೊಡಬೇಕಿಲ್ಲ ಅಂತ ಅದು ಹೇಳುವುದಿಲ್ಲ. 2007ರಲ್ಲಿ ಭಗತ್ ಸಿಂಗ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಇದನ್ನೇ ಹೇಳಿತು: ತನಿಖೆ ಇದೆ ಅನ್ನೋದಷ್ಟೇ ನಿರಾಕರಣೆಗೆ ಕಾರಣವಾಗದು, ಈ ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆ ಅನ್ನುವುದಕ್ಕೆ ಸಮಂಜಸ ಕಾರಣ ತೋರಿಸಬೇಕು. ಮೇಲ್ಮನವಿಯಲ್ಲಿ ತನ್ನ ನಿರಾಕರಣೆ ಸರಿ ಅಂತ ತೋರಿಸುವ ಹೊಣೆ ಮಾಹಿತಿ ಅಧಿಕಾರಿಯದ್ದು. 19(5) ನೋಡಿ.

ಹಾಗಂತ ನಿಮ್ಮ ಅರ್ಜಿಯಲ್ಲೂ ತೊಂದರೆ ಇದೆ. ಎಲ್ಲಾ ದಾಖಲೆ ಕೊಡಿ ಅಂದಾಗ ಅದರಲ್ಲಿ ಸಾಕ್ಷಿಗಳ ಹೇಳಿಕೆ, ಕೇಸ್ ಡೈರಿ ಎಲ್ಲ ಸೇರಿಬಿಡುತ್ತದೆ, ಅವರಿಗೆ ಇಡೀ ಅರ್ಜಿ ತಳ್ಳಿಹಾಕುವುದು ಸುಲಭವಾಗುತ್ತದೆ. ಯಾಕೆ ಬಂಧಿಸಿಲ್ಲ ಅನ್ನೋದು ಪ್ರಶ್ನೆ, ದಾಖಲೆ ಅಲ್ಲ. ಕಚೇರಿಯಲ್ಲಿ ಇರುವ ಕಾಗದವನ್ನು ಕೊಡಬೇಕೇ ಹೊರತು ಹೊಸದಾಗಿ ವಿವರಣೆ ಬರೆದುಕೊಡುವ ಹೊಣೆ ಆ ಅಧಿಕಾರಿಗಿಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು ಅಂತಲೂ ಇದೆ. ಹಾಗಾಗಿ ಸಿಟ್ಟು, ಕಥೆ, ಆರೋಪ ಎಲ್ಲ ಬಿಟ್ಟು ಕಾಗದದ ಹೆಸರು ಹಿಡಿದು ಕೇಳಿ. ಹೀಗೆ ಬರೆಯಬಹುದು:

'ಕ್ರೈಂ ನಂಬರ್ ___/2025, ___ ಪೊಲೀಸ್ ಠಾಣೆ. ಈ ಪ್ರಕರಣದಲ್ಲಿ ಇವತ್ತಿನವರೆಗೆ ತನಿಖಾಧಿಕಾರಿಗಳಾಗಿದ್ದವರ ಹುದ್ದೆ ಮತ್ತು ಅವಧಿ ತೋರಿಸುವ ದಾಖಲೆಯ ಪ್ರತಿ. ಅಂತಿಮ ವರದಿ ಸಲ್ಲಿಸಿದ್ದರೆ ಅದರ ತಾರೀಕು, ಕೋರ್ಟಿನ ಹೆಸರು ಮತ್ತು ವರದಿಯ ಪ್ರತಿ. ನಾನು ದಿನಾಂಕ ___ರಂದು ಕೊಟ್ಟ ಪತ್ರದ ಮೇಲೆ ತೆಗೆದುಕೊಂಡ ಕ್ರಮದ ಕಡತದ ಪ್ರತಿ. ಯಾವುದಾದರೂ ಭಾಗ ಕೊಡಲಾಗದಿದ್ದರೆ 10ನೇ ಕಲಮಿನಂತೆ ಅದನ್ನು ಮಾತ್ರ ತೆಗೆದು ಉಳಿದದ್ದನ್ನು ಕೊಡಿ.'

ಇಷ್ಟು ಸಾಕು. ಯಾಕೆ ಬೇಕು ಅಂತ ಬರೆಯಬೇಕಿಲ್ಲ, ಕಾರಣ ಕೇಳುವಂತೆಯೂ ಇಲ್ಲ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಲಗತ್ತಿಸಬಹುದು. ಬಿಪಿಎಲ್ ಕುಟುಂಬದವರು ಕಾರ್ಡಿನ ಪ್ರತಿ ಇಟ್ಟರೆ ಶುಲ್ಕವೂ ಇಲ್ಲ. ರಾಜ್ಯ ಸರ್ಕಾರದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲೂ ಹಾಕಬಹುದು. ಮಾಹಿತಿ ಅಧಿಕಾರಿ ಯಾರು ಅಂತ ಗೊತ್ತಾಗದಿದ್ದರೆ ತಲೆಕೆಡಿಸಿಕೊಳ್ಳಬೇಡಿ, 'ಸಾರ್ವಜನಿಕ ಮಾಹಿತಿ ಅಧಿಕಾರಿಗಳು' ಅಂತ ಬರೆದು ಎಸ್‌ಪಿ ಅಥವಾ ಡಿಸಿಪಿ ಕಚೇರಿಗೆ ಕಳಿಸಿ. ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ ಅವರೇ 5 ದಿನದಲ್ಲಿ ಅಲ್ಲಿಗೆ ವರ್ಗಾಯಿಸಬೇಕು.

ಈಗ ಬಂದಿರುವ ಹಿಂಬರಹದ ಮೇಲೆ ಮಾಹಿತಿ ಅಧಿಕಾರಿಗಿಂತ ಮೇಲಿನ ಅಧಿಕಾರಿಗೆ ಪ್ರಥಮ ಮೇಲ್ಮನವಿ ಹಾಕಿ. ಅದು ಕೈಸೇರಿದ 30 ದಿನದೊಳಗೆ ಹಾಕಬೇಕು, ಶುರುವಿನಲ್ಲೇ ತಾರೀಕು ನೋಡಿಕೊಳ್ಳಿ. ಅಲ್ಲಿ 30 ದಿನ, ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನ ಆಗಬೇಕು. ಅದೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಸರಿಯಾದ ಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. ಆಯೋಗದಲ್ಲಿ ಸರದಿ ಬರುವುದು ನಿಧಾನ, ಅದಕ್ಕೇ ಮೊದಲ ಅರ್ಜಿಯನ್ನೇ ಚೆನ್ನಾಗಿ ಬರೆಯಿರಿ ಅನ್ನೋದು. ಮೇಲ್ಮನವಿ ಒಂದು ಕಡೆ ನಡೆಯಲಿ, ಮೇಲೆ ಬರೆದ ಹಾಗೆ ಹೊಸ ಅರ್ಜಿಯನ್ನೂ ಹಾಕಿ. ಎರಡಕ್ಕೂ ಅಡ್ಡಿಯಿಲ್ಲ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಮನೆಗಳ್ಳತನ ಜಾಸ್ತಿಯಾಗಿದೆ. ನಿವಾಸಿಗಳ ಸಂಘದಿಂದ ಠಾಣೆಯ ಅಂಕಿಅಂಶ ಪಡೆಯಬಹುದಾ?

ಉತ್ತರ: ಪಡೆಯಬಹುದು, ಕೇಳಲೇಬೇಕು ಕೂಡ. ಸಂಘದ ಹೆಸರಲ್ಲಿ ಹಾಕಬೇಡಿ. ಆರ್‌ಟಿಐ ಹಕ್ಕು ಇರುವುದು ನಾಗರಿಕರಿಗೆ, ಆದ್ದರಿಂದ ಒಬ್ಬ ಸದಸ್ಯರ ಹೆಸರು, ಸಹಿ ಇರಲಿ. ಕಳೆದ ಮೂರು ವರ್ಷದಲ್ಲಿ ಆ ಠಾಣೆಯಲ್ಲಿ ದಾಖಲಾದ ಮನೆಗಳವು, ಸರಗಳವು, ವಾಹನ ಕಳವು ಪ್ರಕರಣಗಳ ಸಂಖ್ಯೆ ತಿಂಗಳವಾರು, ಪತ್ತೆಯಾದದ್ದು ಎಷ್ಟು, ಸಿ ರಿಪೋರ್ಟ್ ಆದದ್ದು ಎಷ್ಟು ಅಂತ ಕೇಳಿ. ಠಾಣೆಗೆ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಅನ್ನೋದು ಬೇರೆ ವಿಷಯವಾಗುತ್ತದೆ, ಅದಕ್ಕೆ ಇನ್ನೊಂದು ಅರ್ಜಿ. ನಿಮ್ಮ ರಸ್ತೆಯದ್ದು ಮಾತ್ರ ಬೇರ್ಪಡಿಸಿ ಕೊಡಿ ಅಂದರೆ ಹಾಗೆ ವಿಂಗಡಿಸಿಟ್ಟಿಲ್ಲ ಅಂತ ಉತ್ತರ ಬರಬಹುದು. ಇಡೀ ಠಾಣೆಯದ್ದು ತಗೊಂಡು ಉಳಿದದ್ದನ್ನು ವೆಬ್‌ಸೈಟಿನ ಎಫ್‌ಐಆರ್‌ಗಳಿಂದ ನೀವೇ ಜೋಡಿಸಿಕೊಳ್ಳಿ.

ದೂರುದಾರರ ಹೆಸರು, ಫೋನ್, ಮನೆ ನಂಬರ್ ಕೇಳಬೇಡಿ. ಖಾಸಗಿ ಮಾಹಿತಿ ಅಂತ ನಿರಾಕರಿಸುತ್ತಾರೆ. ಅದು ಸರಿಯಾದದ್ದೇ, ಕಳವಾದ ಮನೆಯವರ ವಿವರ ಸಂಘದ ವಾಟ್ಸಾಪ್ ಗುಂಪಿನಲ್ಲಿ ಓಡಾಡಬಾರದು ಅಲ್ವಾ. ಅಂಕಿ ಬಂದ ಮೇಲೆ ಅದನ್ನು ಹಿಡಿದು ಇನ್‌ಸ್ಪೆಕ್ಟರ್ ಹತ್ತಿರ ರಾತ್ರಿ ಬೀಟ್ ಬಗ್ಗೆ ಮಾತಾಡಿ. ಕಳ್ಳತನ ಜಾಸ್ತಿಯಾಗಿದೆ ಸಾರ್ ಅನ್ನೋದಕ್ಕಿಂತ ಈ ಎರಡು ತಿಂಗಳಲ್ಲಿ ಇಷ್ಟಾಗಿದೆ ಅಂತ ಕಾಗದ ತೋರಿಸಿದರೆ ಮಾತಿನ ತೂಕವೇ ಬೇರೆ.

ಪ್ರಶ್ನೆ: ಮಗನನ್ನು ವಿಚಾರಣೆಗೆ ಅಂತ ಕರೆದುಕೊಂಡು ಹೋಗಿ ರಾತ್ರಿಯಿಡೀ ಠಾಣೆಯಲ್ಲಿ ಕೂರಿಸಿದ್ದರು. ಹೊಡೆದಿದ್ದಾರೆ. ಅವನು ಠಾಣೆಗೆ ಬಂದೇ ಇಲ್ಲ ಅಂತ ಈಗ ಹೇಳುತ್ತಿದ್ದಾರೆ. ಸಿಸಿಟಿವಿ ಕೇಳಬಹುದಾ?

ಉತ್ತರ: ಅಮ್ಮಾ, ಇದನ್ನು ಓದಿದ ಕೂಡಲೇ ಮಗನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಗಾಯಗಳನ್ನು ಬರೆಸಿ. ಕಾಗದಪತ್ರ ಆಮೇಲೆ, ಗಾಯ ಮಾಯುವ ಮೊದಲು ಅದು ಆಗಬೇಕು.

ಸಿಸಿಟಿವಿ ವಿಷಯಕ್ಕೆ 2020ರ ಡಿಸೆಂಬರ್ 2ರ ಪರಮವೀರ್ ಸಿಂಗ್ ಸೈನಿ ಪ್ರಕರಣದ ತೀರ್ಪು ನಿಮಗೆ ಆಧಾರ. ಪ್ರತಿ ಠಾಣೆಯ ಒಳಬಾಗಿಲು, ಹೊರಬಾಗಿಲು, ಲಾಕಪ್, ವರಾಂಡ, ಇನ್‌ಸ್ಪೆಕ್ಟರ್ ಕೋಣೆ ಎಲ್ಲ ಕಡೆ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು ಉಳಿಸಬೇಕು, ಅಷ್ಟು ಸಾಮರ್ಥ್ಯದ ಯಂತ್ರ ಸಿಗದಿದ್ದರೂ ಒಂದು ವರ್ಷಕ್ಕಿಂತ ಕಡಿಮೆ ಆಗಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ಅಷ್ಟು ದಿನ ಉಳಿದಿರುತ್ತದೆ ಅಂತ ನಂಬಿ ಕೂರಬೇಡಿ. ಇವತ್ತೇ ಎಸ್‌ಪಿ ಅಥವಾ ಪೊಲೀಸ್ ಕಮಿಷನರಿಗೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಬರೆಯಿರಿ. ಇಂಥ ತಾರೀಕು, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗಿನ ಈ ಠಾಣೆಯ ಎಲ್ಲಾ ಕ್ಯಾಮೆರಾಗಳ ದೃಶ್ಯವನ್ನು ಅಳಿಸದೆ ಉಳಿಸಿ ಅನ್ನೋದೇ ಮೊದಲ ಬೇಡಿಕೆ. ಪ್ರತಿ ಕೊಡಿ ಅನ್ನೋದು ಎರಡನೆಯದು. ಈ ಕ್ರಮ ಮುಖ್ಯ. ಪ್ರತಿ ಕೊಡಲ್ಲ ಅಂದರೂ ಉಳಿಸಿ ಅಂತ ನೀವು ಕೇಳಿದ್ದಕ್ಕೆ ಸಾಕ್ಷಿ ಇರುತ್ತದೆ, ಆಮೇಲೆ ಅಳಿಸಿಹೋಗಿದೆ ಅಂದರೆ ಅದಕ್ಕೆ ಅವರು ಉತ್ತರ ಕೊಡಬೇಕಾಗುತ್ತದೆ.

ಆರ್‌ಟಿಐ ಹಾಕಿದರೆ ಭದ್ರತೆ, ಬೇರೆಯವರ ಖಾಸಗಿತನ ಅಂತ ತಿರಸ್ಕರಿಸುವ ಸಾಧ್ಯತೆ ಹೆಚ್ಚು. ಹಾಕಿ, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಿ, ಠಾಣೆಯ ದೃಶ್ಯವನ್ನು ಆಯೋಗ ತರಿಸಿಕೊಳ್ಳಬಹುದು ಅಂತ ಅದೇ ತೀರ್ಪಿನಲ್ಲಿದೆ. ಠಾಣೆಯ ಸ್ಟೇಷನ್ ಡೈರಿಯಲ್ಲಿ ಆ ರಾತ್ರಿ ಏನು ಬರೆದಿದ್ದಾರೆ ಅನ್ನೋದನ್ನೂ ಅರ್ಜಿಯಲ್ಲಿ ಸೇರಿಸಿ. ಮಗನ ಫೋನಿನ ಲೊಕೇಷನ್, ಆ ಹೊತ್ತಿನ ಕರೆಗಳು, ಅವನನ್ನು ಕರೆದೊಯ್ದಾಗ ನೋಡಿದ ಅಕ್ಕಪಕ್ಕದವರು, ಇವೆಲ್ಲ ಈಗಲೇ ಬರೆದಿಡಿ. ಇದನ್ನು ಒಬ್ಬರೇ ಮಾಡಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೋರ್ಟಿನ ಆವರಣದಲ್ಲೇ ಇರುತ್ತದೆ, ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಅರ್ಜಿ ನಿಮ್ಮ ಹೆಸರಲ್ಲೇ ಇರಲಿ.

ಪ್ರಶ್ನೆ: ಅಪಘಾತದಲ್ಲಿ ಅಣ್ಣ ತೀರಿಕೊಂಡರು. ಪರಿಹಾರದ ಅರ್ಜಿಗೆ ಪೊಲೀಸ್ ಕಾಗದಗಳು ಬೇಕಂತೆ. ಯಾವುವು?

ಉತ್ತರ: ಎಫ್‌ಐಆರ್, ಸ್ಥಳ ಮಹಜರು ಮತ್ತು ನಕ್ಷೆ, ಶವ ಮಹಜರು, ಮರಣೋತ್ತರ ಪರೀಕ್ಷೆ ವರದಿ, ವಾಹನದ ಐಎಂವಿ ವರದಿ (ವಾಹನ ತಪಾಸಣೆ ವರದಿ), ಚಾರ್ಜ್‌ಶೀಟ್. 2022ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಲ್ಲಿ ಪೊಲೀಸರೇ 48 ಗಂಟೆಯಲ್ಲಿ ಮೊದಲ ಅಪಘಾತ ವರದಿ, 50 ದಿನದಲ್ಲಿ ಮಧ್ಯಂತರ ವರದಿ, 90 ದಿನದಲ್ಲಿ ವಿವರವಾದ ವರದಿಯನ್ನು ಕ್ಲೇಮ್ಸ್ ನ್ಯಾಯಮಂಡಳಿಗೆ ಕೊಡಬೇಕು. ಇವುಗಳ ಪ್ರತಿ ನಿಮಗೂ ಸಿಗಬೇಕು, ಕೇಳಿ. ಡಿಕ್ಕಿ ಹೊಡೆದ ವಾಹನದ, ಚಾಲಕನ, ಇನ್ಶೂರೆನ್ಸ್‌ನ ವಿವರ ಕೊಡುವುದು ಮೋಟಾರು ವಾಹನ ಕಾಯ್ದೆಯ 160ನೇ ಕಲಮಿನ ಪ್ರಕಾರ ಠಾಣಾಧಿಕಾರಿಯ ಕರ್ತವ್ಯ. ಪರಿಹಾರದ ಅರ್ಜಿಗೆ ಕಾಯ್ದೆಯಲ್ಲಿ 6 ತಿಂಗಳ ಮಿತಿ ಇದೆ. ಎಲ್ಲಾ ಕಾಗದ ಕೂಡಿಬರಲಿ ಅಂತ ಕಾಯದೆ, ಇದ್ದಷ್ಟರಲ್ಲಿ ವಕೀಲರ ಹತ್ತಿರ ಹೋಗಿ ಅರ್ಜಿ ಹಾಕಿಸಿ.

ಪ್ರಶ್ನೆ: 1996ರಲ್ಲಿ ನಮ್ಮ ಅಜ್ಜ ಕೊಟ್ಟ ದೂರಿನ ಪ್ರತಿ ಬೇಕು. ಠಾಣೆಯಲ್ಲಿ ಹಳೆ ಕಡತ ಇಲ್ಲ ಅಂದರು.

ಉತ್ತರ: ಇಲ್ಲ ಅನ್ನೋದನ್ನು ಕಾಗದದ ಮೇಲೆ ತಗೊಳ್ಳಿ. ಹಳೆಯ ಕಡತಗಳನ್ನು ಅವಧಿ ಮುಗಿದ ಮೇಲೆ ನಾಶ ಮಾಡುವ ಪದ್ಧತಿ ಇದೆ, ಆದರೆ ಹಾಗೆ ನಾಶ ಮಾಡಿದ್ದಕ್ಕೂ ಆದೇಶ, ಪಟ್ಟಿ ಇರಬೇಕು. ಆರ್‌ಟಿಐನಲ್ಲಿ ದೂರಿನ ಪ್ರತಿ ಕೇಳಿ, ನಾಶವಾಗಿದ್ದರೆ ಆ ಆದೇಶದ ಮತ್ತು ಪಟ್ಟಿಯಲ್ಲಿ ಆ ಕಡತ ನಮೂದಾದ ಪುಟದ ಪ್ರತಿ ಕೊಡಿ ಅಂತ ಅದೇ ಅರ್ಜಿಯಲ್ಲಿ ಸೇರಿಸಿ. 20 ವರ್ಷಕ್ಕಿಂತ ಹಳೆಯ ಸಂಗತಿಗೆ 8(1)(ಎಚ್)ನ ತನಿಖೆಯ ನೆಪ ಹೇಳುವಂತಿಲ್ಲ, ಅದೇ ಕಾಯ್ದೆಯ 8(3) ನೋಡಿ. ಪ್ರಕರಣ ಕೋರ್ಟಿಗೆ ಹೋಗಿತ್ತು ಅಂತ ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ಠಾಣೆ ಬಿಟ್ಟು ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ವಿಚಾರಿಸಿ. ಕೇಸ್ ನಂಬರ್ ಗೊತ್ತಿಲ್ಲದಿದ್ದರೂ ಅಜ್ಜನ ಹೆಸರು, ಎದುರುಗಡೆಯವರ ಹೆಸರು, ವರ್ಷ ಕೊಟ್ಟರೆ ರಿಜಿಸ್ಟರ್ ಹುಡುಕಿಸಬಹುದು.